ಕುಮಟೆಗೆ ಹೋದ ಗಂಡ

ಅಕ್ಕಾವರೇ,

ನಿಮ್ಮ ಪತ್ರ ಮುಟ್ಟಿತು. ಥಾಮಸ್ ಮನ್ರೋ ತನ್ನ ಹೆಂಡತಿಗೆ ಬರೆದ ಪತ್ರಗಳನ್ನು ಓದಿ ಮುಗಿಸಿ ನೀವು ಕೇಳಿದ್ದು ಒಂದೇ ಮಾತು: “ಅದೇ ಶತಮಾನದಾಗ ನಮ್ಮ ಹೊಂಬಳದ ಗಂಡಸರೂ ಹೆಂಡ್ತಿ ಮಕ್ಕಳನ್ನ ಬಿಟ್ಟು ದೂರ ಹೋಗ್ತಿದ್ದಿಲ್ಲೇನು? ಹೋಗಿದ್ದರ ಅವರ ಪತ್ರ ಎಲ್ಲಿ ಅದಾವು?” ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸಬೇಕೆಂದು ಕೂತೆ. ಆಗಲಿಲ್ಲ. ಪುರುಸೊತ್ತು ಮಾಡಿಕೊಂಡು ಓದಿ.

ಮನ್ರೋನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಆತ ನಮಗೆ ಹೊರಗಿನವನೇನೂ ಅಲ್ಲ. 1818ರ ಜನವರಿಯಲ್ಲಿ ಪೇಶ್ವೆಯ ಕೈಯಿಂದ ಗದಗಿನ ಕೋಟೆಯನ್ನೂ ಡಂಬಳದ ಕೋಟೆಯನ್ನೂ ಕಿತ್ತುಕೊಂಡವನು ಅವನೇ. ಜೇನ್ ಕ್ಯಾಂಪ್ಬೆಲ್ ಎಂಬವಳನ್ನು ಅವನು ಮದುವೆಯಾದದ್ದು 1814ರಲ್ಲಿ. 1826ರಲ್ಲಿ ಚಿಕ್ಕ ಮಗನಿಗೆ ಆರೋಗ್ಯ ಕೆಟ್ಟು ಆಕೆ ಮಗುವನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದಳು. ಆಗ ಮದ್ರಾಸಿನ ಗವರ್ನರ್ ಆಗಿದ್ದ ಮನ್ರೋ ಗಿಂಡಿಯ ಖಾಲಿ ಬಂಗಲೆಯಲ್ಲಿ ಓಡಾಡಿ ಅವಳಿಗೆ ಬರೆದ. ನೀಲಗಿರಿಗೆ ಹೋದಾಗ ಅಲ್ಲಿಂದಲೂ ಬರೆದ. ಮರುವರ್ಷ ಜುಲೈನಲ್ಲಿ ಪತ್ತಿಕೊಂಡದಲ್ಲಿ ಕಾಲರಾ ಬಂದು ತೀರಿಕೊಂಡ. ಹೆಂಡತಿಯ ಮುಖ ಮತ್ತೆ ನೋಡಲಿಲ್ಲ. 1830ರಲ್ಲಿ ಗ್ಲೀಗ್ ಎಂಬ ಪಾದ್ರಿ ಅವನ ಚರಿತ್ರೆ ಬರೆದು ಪತ್ರಗಳನ್ನೂ ಅಚ್ಚು ಹಾಕಿಸಿದ. ಹಾಗಾಗಿ ಅವು ನಿಮ್ಮ ಕೈವರೆಗೆ ಬಂದವು. ನಿಮಗೆ ಕಣ್ಣೀರು ಬಂತು ಅಂದಿರಿ. ನನಗೂ ಅಷ್ಟಿಷ್ಟು ಬಂದದ್ದುಂಟು. ಆದರೂ ಗದಗಿನ ಕೋಟೆಗೆ ಗುಂಡು ಹಾರಿಸಿದವನ ವಿರಹಕ್ಕೆ ನಾವು ಗದಗಿನವರು ಅಳುವುದು ಸ್ವಲ್ಪ ತಮಾಷೆಯೇ.

ಈಗ ಗದಗಿನ ಮಗ್ಗುಲಿನ ನಮ್ಮ ಹೊಂಬಳದವರ ಮಾತು. ಹೋಗುತ್ತಿದ್ದರು ಅಕ್ಕಾವರೇ, ಚೆನ್ನಾಗಿಯೇ ಹೋಗುತ್ತಿದ್ದರು. ಕುದುರೆಯ ಟಪಾಲು ಗಾಡಿಯಲ್ಲಿ ಅಲ್ಲ, ಮೇನೆಯಲ್ಲಿ ಅಲ್ಲ. ಸ್ವಂತ ಎತ್ತು, ಸ್ವಂತ ಚಕ್ಕಡಿ, ಮೇಲೆ ಹತ್ತಿಯ ಅಂಡಗಿ. ಹೋಗುವ ಊರು ಕುಮಟೆ.

ನಮ್ಮ ಎರಿಯಲ್ಲಿ ಬೆಳೆದ ಜವಾರಿ ಹತ್ತಿಗೆ ಲಿವರ್‌ಪೂಲ್ ಪೇಟೆಯಲ್ಲಿ “ಕುಂಪ್ಟಾ” ಅಂತ ಹೆಸರಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ, ಅಲ್ಲಿ ಬೆಳೆಯುವುದು ತೆಂಗು, ಅಡಿಕೆ, ಭತ್ತ. ಧಾರವಾಡ, ಹುಬ್ಬಳ್ಳಿ, ಗದಗ, ನವಲಗುಂದ, ರೋಣದ ಹತ್ತಿ ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿತ್ತು, ಹತ್ತಿದ ಊರಿನ ಹೆಸರೇ ಅದಕ್ಕೆ ಅಂಟಿತು. ಬೆಳೆದವನ ಊರು ಬಿಲ್ಟಿಯಲ್ಲಿ ಯಾವಾಗಲೂ ಕಾಣೆ. ಆಮೇಲೆ 1840ರ ದಶಕದಲ್ಲಿ ಅಮೆರಿಕದಿಂದ ಪ್ಲಾಂಟರುಗಳನ್ನು ಕರೆಸಿ ನ್ಯೂ ಆರ್ಲಿಯನ್ಸಿನ ಬೀಜ ಬಿತ್ತಿಸಿದರು. ಮುಂಬೈ ಇಲಾಖೆಯಲ್ಲಿ ಆ ಬೀಜ ಚೆನ್ನಾಗಿ ಹತ್ತಿದ್ದು ಧಾರವಾಡದ ಸೀಮೆಯಲ್ಲಿ. ಅದಕ್ಕೆ ನಮ್ಮವರು ವಿಲಾಯತಿ ಹತ್ತಿ ಅಂದರು. ಜವಾರಿಯಾಗಲಿ ವಿಲಾಯತಿಯಾಗಲಿ, ರೈಲು ಬರುವ ತನಕ ಎರಡಕ್ಕೂ ದೊಡ್ಡ ದಾರಿ ಘಟ್ಟ ಇಳಿಯುವುದೇ.

ಹೊಂಬಳದಿಂದ ಕುಮಟೆಗೆ ಇವತ್ತಿನ ರಸ್ತೆಯಲ್ಲೇ 200 ಕಿಲೋಮೀಟರ್ ಮೀರುತ್ತದೆ. ಹೇರಿದ ಚಕ್ಕಡಿ ದಿನಕ್ಕೆ ಹತ್ತು ಹನ್ನೆರಡು ಮೈಲಿ ಹೋದರೆ ಬಹಳ. ಅಂದರೆ ಹೋಗಲಿಕ್ಕೆ ಹನ್ನೆರಡು ಹದಿಮೂರು ದಿವಸ, ಬರಲಿಕ್ಕೆ ಅಷ್ಟೇ ದಿವಸ, ನಡುವೆ ವಖಾರಿಯ ಮುಂದೆ ತೂಕಕ್ಕೆ ಪಾಳಿ ಹಚ್ಚಿ ನಿಂತ ದಿನ, ಎತ್ತಿಗೆ ದಣಿವಾರಿಸಿದ ದಿನ, ತಿರುಗಿ ಬರುವ ಹೇರು ಸಿಗುವ ತನಕ ಕಾದ ದಿನ. ಒಟ್ಟು ಒಂದು ತಿಂಗಳಿಗೆ ಕಡಿಮೆ ಇಲ್ಲದ ಪ್ರವಾಸ. ಹತ್ತಿ ಬಿಡಿಸುವುದು ಮಾಘ ಫಾಲ್ಗುಣದಿಂದ ಚೈತ್ರದವರೆಗೆ. ಬಂದರು ಮುಚ್ಚುವುದು ಮಳೆಗಾಲ ಹತ್ತಿದ ಕೂಡಲೇ, ಯಾಕೆಂದರೆ ಮುಂಗಾರಿನ ಕಡಲಲ್ಲಿ ಪತ್ತೇಮಾರಿಗಳು ನಡೆಯುವುದಿಲ್ಲ. ಹೀಗಾಗಿ ಹತ್ತಿ ಕೈಗೆ ಬಂದದ್ದಕ್ಕೂ ಕಡಲು ಕೆರಳುವುದಕ್ಕೂ ನಡುವಿನ ಎರಡು ಮೂರು ತಿಂಗಳಿನಲ್ಲೇ ಸೀಮೆಯ ಚಕ್ಕಡಿಯೆಲ್ಲ ಒಂದೇ ದಾರಿಯ ಮೇಲೆ. ಯುಗಾದಿಗೆ ಬೇವುಬೆಲ್ಲ ಮನೆಯಲ್ಲಿ ಹಂಚುವಾಗ ಯಜಮಾನ ಮುಂಡಗೋಡದ ಆಚೆಗೋ ಈಚೆಗೋ ಯಾವುದೋ ಗಿಡದ ನೆರಳಿನಲ್ಲಿ.

ಹೊರಡುವ ಮೊದಲಿನ ಕೆಲಸ ಯಾರದು ಅಂತ ನೋಡಿದರೆ ಈ ಪ್ರವಾಸದ ಅರ್ಧ ಹೆಂಗಸಿನದು. ಗಿರಣಿ ಬರುವ ಮೊದಲು ಬೀಜ ತೆಗೆಯುತ್ತಿದ್ದುದು ಹೀಗೆ: ಮುಂದೆ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಅಡ್ಡ ಕಬ್ಬಿಣದ ಗುಂಡನೆಯ ಸಲಾಕೆ. ಹೆಂಗಸು ಗಿಡ್ಡ ಮಣೆಯ ಮೇಲೆ ಕೂತು, ಅಂಗಾಲಿಗೆ ಕಟ್ಟಿಗೆಯ ಹಲಗೆ ಹಚ್ಚಿ, ಎರಡೂ ಕಾಲಿನಿಂದ ಸಲಾಕೆಯನ್ನು ಉರುಳಿಸುತ್ತಾಳೆ, ಕೈಯಿಂದ ಹತ್ತಿ ಉಣಿಸುತ್ತಾಳೆ. ಅರಳೆ ಸಲಾಕೆಯ ಅಡಿಗೆ ಸಿಕ್ಕಿ ಹಾಯುತ್ತದೆ, ಕಾಳು ಹೊರಗೆ ಸಿಡಿದು ಬೀಳುತ್ತದೆ. ಬೆನ್ನು, ತೊಡೆ, ಮೊಣಕಾಲು ಮೂರೂ ದಿನವಿಡೀ ದುಡಿಯಬೇಕು. ಬಿದ್ದ ಹತ್ತಿಕಾಳು ದನಗಳಿಗೆ. ಚಕ್ಕಡಿಯ ಮೇಲಿನ ಅಂಡಗಿ ಗಂಡನ ಲೆಕ್ಕಕ್ಕೆ ಜಮಾ, ಅದನ್ನು ಹಗುರ ಮಾಡಿದ ಕಾಲುಗಳ ಲೆಕ್ಕ ಯಾವ ಖಾತೆ ಪುಸ್ತಕದಲ್ಲೂ ಇಲ್ಲ.

ಆಮೇಲೆ ಬುತ್ತಿ. ಹಿತ್ತಲಲ್ಲಿ ಒಲೆ ಹೂಡಿ ರೊಟ್ಟಿ ಬಡಿದು ಒಣಗಿಸಿ ಕಟಕ ಮಾಡಿ ಅರಿವೆಯಲ್ಲಿ ಕಟ್ಟುವುದು. ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕೆಂಪು ಖಾರ, ಉಳ್ಳಾಗಡ್ಡಿ. ಇವತ್ತಿನ ಹಾಗೆ ಶೇಂಗಾ ಚಟ್ನಿ ಅಂತ ನೆನೆಯಬೇಡಿ, ಶೇಂಗಾ ನಮ್ಮ ಹೊಲಗಳಲ್ಲಿ ಇಷ್ಟು ಜೋರು ಮಾಡಿದ್ದು ಆಮೇಲೆ. ಎತ್ತಿನ ಬುತ್ತಿ ಬೇರೆ: ಕಣಿಕಿ, ಹೊಟ್ಟು, ಹತ್ತಿಕಾಳು. ಅಚ್ಚಿಗೆ ಹಚ್ಚುವ ಎಣ್ಣೆಯ ಗಡಿಗೆ ಚಕ್ಕಡಿಯ ಕೆಳಗೆ ತೂಗುಹಾಕಬೇಕು. ಅದು ಮರೆತರೆ ಗಾಲಿ ಹತ್ತಿಪ್ಪತ್ತು ಹರದಾರಿಗೆಲ್ಲ ಕಿರುಗುಟ್ಟಿ ಅಚ್ಚು ಕಾಯ್ದು ಹೋಗುತ್ತದೆ.

ಒಬ್ಬನೇ ಹೋಗುವುದಿಲ್ಲ. ಕಳ್ಳಕಾಕರ ಭಯ, ಮುಂದೆ ಅಡವಿಯಲ್ಲಿ ಹುಲಿಯ ಭಯ. ಊರಿನ ಗಾಡಿಗಳೆಲ್ಲ ಸಾಲು ಹಿಡಿದು ಹೊರಡುತ್ತವೆ. ಬಿಸಿಲಿಗೆ ಅಂಜಿ ರಾತ್ರಿ ಹೊಡೆಯುತ್ತಾರೆ, ಹಗಲು ಬಿಡುತ್ತಾರೆ. ಗದಗ ಬಿಟ್ಟು ಅಣ್ಣಿಗೇರಿ ದಾಟಿ ಹುಬ್ಬಳ್ಳಿಗೆ ಮುಟ್ಟುವ ಮುನ್ನ ಬೆಣ್ಣೆಹಳ್ಳ. ಹೆಸರು ಕೇಳಿ ಮೋಸ ಹೋಗಬೇಡಿ, ನೀವು ಈ ಸೀಮೆಯವರು, ನಿಮಗೆ ಗೊತ್ತು. ಬೇಸಿಗೆಯಲ್ಲಿ ಎಮ್ಮೆ ಮೈಯೂ ಮುಳುಗದ ಹಳ್ಳ, ಮೇಲೆಲ್ಲೋ ಒಂದು ದೊಡ್ಡ ಅಡ್ಡಮಳೆಯಾದರೆ ಎರಡೂ ದಂಡೆ ತಿನ್ನುತ್ತದೆ. ಸೇತುವೆ ಇಲ್ಲದ ದಿನಗಳಲ್ಲಿ ನೀರು ಇಳಿಯುವ ತನಕ ಚಕ್ಕಡಿಗಳು ಎರಿಮಣ್ಣಿನ ಕೆಸರಿನಲ್ಲಿ ನಿಲ್ಲಬೇಕು. ಹಸಿ ಎರಿಯಲ್ಲಿ ಹೂತ ಗಾಲಿಯನ್ನು ಎರಡು ಜೋಡಿ ಎತ್ತು ಕಟ್ಟಿದರೂ ಎತ್ತುವುದು ಕಷ್ಟ.

ಹೊಳೆ ದಾಟುವ ದೊಡ್ಡ ಪ್ರಸಂಗ ಬೇಕೆಂದರೆ ಕುಮಟೆಯ ದಾರಿ ಬಿಟ್ಟು ಮೂಡಲಿಗೆ ಹೋದವರನ್ನು ಕೇಳಬೇಕು. ಮುಂಡರಗಿಯ ಆಚೆ ಕೊರ್ಲಹಳ್ಳಿಯ ಕಡೆ ತುಂಗಭದ್ರೆ ತುಂಬಿದಾಗ ಹರಗೋಲೇ ಗತಿ. ಬಿದಿರಿನ ಬುಟ್ಟಿ, ಹೊರಗೆ ಚರ್ಮದ ಹೊದಿಕೆ. ಚಕ್ಕಡಿಯ ಗಾಲಿ ಕಳಚಿ, ಮಾಲು ಇಳಿಸಿ, ಎಲ್ಲವನ್ನೂ ಹರಗೋಲಿಗೆ ಏರಿಸಿ, ಎತ್ತುಗಳನ್ನು ನೀರಿಗೆ ಬಿಟ್ಟು ಹಗ್ಗ ಹಿಡಿದು ಈಜಿಸಿಕೊಂಡು ಹೋಗುವುದು. ಹರಗೋಲು ನೆಟ್ಟಗೆ ಎಂದೂ ಹೋಗದು, ತಿರುಗುತ್ತ ತಿರುಗುತ್ತ ಕೆಳಗೆ ಜಾರಿ ಎದುರು ದಂಡೆಯಲ್ಲಿ ಎಲ್ಲೋ ಹತ್ತುತ್ತದೆ. ಅಲ್ಲಿಂದ ಮತ್ತೆ ಗಾಲಿ ಹಾಕಿ, ಮಾಲು ಹೇರಿ, ದಾರಿ ಹುಡುಕಬೇಕು. ಅರ್ಧ ದಿವಸ ಅಲ್ಲಿಗೇ ಹೋಯಿತು.

ಹುಬ್ಬಳ್ಳಿ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ, ಗಿಡ ದಟ್ಟವಾಗುತ್ತದೆ. ಇಲ್ಲಿಂದ ಮುಂದೆ ಬಯಲುಸೀಮೆಯವನ ನಿಜವಾದ ಅಂಜಿಕೆ ಹುಲಿಯದ್ದಲ್ಲ, ಚಳಿಜ್ವರದ್ದು. ಮುಂಡಗೋಡ, ಯಲ್ಲಾಪುರ, ಶಿರಸಿಯ ಅಡವಿಯ ಮಲೇರಿಯಕ್ಕೆ ಸರಕಾರದ ನೌಕರರೂ ಹೆದರುತ್ತಿದ್ದರು, ಅಲ್ಲಿಗೆ ವರ್ಗವಾದರೆ ಶಿಕ್ಷೆ ಅಂತಲೇ ತಿಳಿಯುತ್ತಿದ್ದರು. ಮಲೆನಾಡಿನಲ್ಲಿ ರಾತ್ರಿ ಉಳಿಯದೆ ದಾಟಬೇಕು ಅನ್ನುವುದು ಗಾಡಿಯವರ ಆಸೆ, ಎತ್ತು ಆ ಆಸೆಗೆ ಕೇಳಬೇಕಲ್ಲ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ, ಅದೂ ಇದೇ ದಿನಗಳಲ್ಲಿ. ಜಾತ್ರೆಯ ವರ್ಷ ಹೋದವನ ಪುಣ್ಯ, ಬರುವಾಗ ಬಳೆ ತರಬಹುದು.

ಶಿರಸಿಯ ಮುಂದೆ ದೇವಿಮನೆ ಘಟ್ಟ. ಎರಿಯ ಎತ್ತಿಗೆ ಏರು ಇಳುಕಲು ಅಂದರೇನು ಅಂತ ಗೊತ್ತೇ? ಹೊಂಬಳದ ಸುತ್ತ ಏನಿದೆ ಅಂಥ ಗುಡ್ಡ! ಇಳಿಯುವಾಗ ಚಕ್ಕಡಿ ಎತ್ತಿನ ಮೇಲೆ ಬೀಳದ ಹಾಗೆ ಗಾಲಿಗೆ ಕಟ್ಟಿಗೆ ಅಡ್ಡ ಕೊಟ್ಟು, ಹಿಂದೆ ಹಗ್ಗಕ್ಕೆ ಮರದ ದಿಮ್ಮಿ ಕಟ್ಟಿ ಎಳೆಯಲು ಬಿಟ್ಟು, ಇಬ್ಬರು ಹಿಂದಿನಿಂದ ಜಗ್ಗಿ ಹಿಡಿದು, ಒಂದೊಂದೇ ತಿರುವು. ಎದುರಿಗೆ ಉಪ್ಪು ಹೇರಿ ಏರುವ ಗಾಡಿಗಳ ಸಾಲು ಬಂತೋ, ಯಾರು ಸರಿಯಬೇಕು ಅನ್ನುವ ಜಗಳದಲ್ಲಿ ಒಂದು ತಾಸು. ಕೆಳಗೆ ಕತಗಾಲ ಮುಟ್ಟಿದರೆ ಹವೆಯೇ ಬೇರೆ, ಮೈಗೆ ಬೆವರು ಅಂಟುತ್ತದೆ, ಎತ್ತು ಬಾಯಿ ಬಿಡುತ್ತದೆ. ಅಲ್ಲಿಂದ ಕುಮಟೆ ಹತ್ತಿರ.

ಕುಮಟೆಯಲ್ಲಿ ಅಂಡಗಿ ಬಿಚ್ಚಿ ನೋಡುತ್ತಾರೆ. ನೋಡಲೇಬೇಕಾಗಿತ್ತು ಅಂತ ನಾನೂ ಒಪ್ಪುತ್ತೇನೆ. ಅರಳೆಯಲ್ಲಿ ಕಾಳು ಬೆರೆಸುವುದು, ಕಸ ಸೇರಿಸುವುದು, ತೂಕಕ್ಕೆ ನೀರು ಚಿಮುಕಿಸುವುದು, ಜವಾರಿಯನ್ನು ವಿಲಾಯತಿಯೊಳಗೆ ತುರುಕುವುದು, ಹೀಗೆ ಎಷ್ಟು ವಿದ್ಯೆ ಬೆಳೆದಿತ್ತೆಂದರೆ ಮುಂಬೈ ಸರಕಾರ 1863ರಲ್ಲಿ ಹತ್ತಿಯ ಮೋಸಕ್ಕೇ ಒಂದು ಪ್ರತ್ಯೇಕ ಕಾಯಿದೆ ಮಾಡಿ ಇನ್ಸ್‌ಪೆಕ್ಟರುಗಳನ್ನು ಕೂರಿಸಿತು. ಮೋಸ ಮಾಡಿದವನು ರೈತನೋ, ನಡುವಿನ ದಲಾಲಿಯೋ, ವಖಾರಿಯವನೋ ಎಂದು ಕಾಗದಪತ್ರಗಳು ಒಬ್ಬರ ಮೇಲೊಬ್ಬರು ಹಾಕಿಕೊಂಡಿವೆ. ಮೂವರೂ ಇದ್ದಿರಬೇಕು ಅನ್ನುವುದು ನನ್ನ ಅನಿಸಿಕೆ. ಬಿಚ್ಚಿದ ಅರಳೆ ತೂಕವಾಗಿ ದೋಣಿಗೆ, ದೋಣಿಯಿಂದ ಪತ್ತೇಮಾರಿಗೆ, ಅಲ್ಲಿಂದ ಮುಂಬೈಗೆ. ಸುಯೆಜ್ ಕಾಲುವೆ 1869ರಲ್ಲಿ ತೆರೆಯುವ ತನಕ ಮುಂಬೈಯಿಂದ ಲಿವರ್‌ಪೂಲ್‌ಗೆ ಆಫ್ರಿಕ ಸುತ್ತಿ ತಿಂಗಳುಗಟ್ಟಲೆ. ನಮ್ಮವನು ಮರಳಿ ಬಂದು ಮುಂಗಾರಿ ಬಿತ್ತಿ ಮುಗಿಸುವ ಹೊತ್ತಿಗೆ ಅವನ ಹತ್ತಿ ಇನ್ನೂ ಕಡಲಿನ ಮೇಲೇ.

ತಿರುಗಿ ಬರುವಾಗ ಚಕ್ಕಡಿ ಖಾಲಿ ಬರುವುದಿಲ್ಲ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ, ಅಡಿಕೆ, ಮೆಣಸು. ಹೋಗುವಾಗ ಹಗುರ ಆದರೆ ಗಾತ್ರ, ಬರುವಾಗ ಭಾರ ಮತ್ತು ಏರು. ಗಾಡಿಯವರಿಗೆ ಲಾಭವೋ ನಷ್ಟವೋ ಅನ್ನುವುದು ಬಹಳ ಸಲ ಈ ಉಪ್ಪಿನ ಮೇಲೆಯೇ ನಿಂತಿರುತ್ತಿತ್ತು.

ಪತ್ರ ಯಾಕಿಲ್ಲ ಅಂದಿರಲ್ಲ. ಓದುಬರಹ ಇರಲಿಲ್ಲ ಅನ್ನುವುದು ಸುಲಭದ ಉತ್ತರ, ಅದೂ ನಿಜ. ಆದರೆ ಬರೆಸಬಹುದಿತ್ತು. 1854ರಿಂದ ದೇಶದ ಯಾವ ಮೂಲೆಗಾದರೂ ಹಗುರ ಪತ್ರಕ್ಕೆ ಅರ್ಧ ಆಣೆಯ ಒಂದೇ ದರ. ಈಗ ಸುಮ್ಮನೆ ಯೋಚಿಸಿ ನೋಡಿ. ಕುಮಟೆಯ ವಖಾರಿಯ ಗುಮಾಸ್ತನ ಮುಂದೆ ಕೂತು ಗಂಡಸು ಹೆಂಡತಿಗೆ ಏನೆಂದು ಬರೆಸಬೇಕು? ಆಕೆಯ ಹೆಸರು ಹೇಳುವುದೇ ನಾಲ್ಕು ಜನರೆದುರು ನಾಚಿಕೆಯ ಕಾಲ. ಬರೆಸಿದರೂ ಅದು ಮೊದಲು ಮುಟ್ಟುವುದು ಊರ ಕುಲಕರ್ಣಿಗೆ. ಆತ ಚಾವಡಿಯಲ್ಲೋ ಪಡಸಾಲೆಯಲ್ಲೋ ಗಟ್ಟಿಯಾಗಿ ಓದುತ್ತಾನೆ, ಅತ್ತೆ ಮಾವ ಮೈದುನ ಎಲ್ಲರೂ ಕೇಳುತ್ತಾರೆ, ಆಕೆ ಬಾಗಿಲ ಮರೆಯಲ್ಲಿ. ಇಷ್ಟು ಜನರ ನಡುವೆ ಹಾದುಹೋಗಬೇಕಾದ ಪತ್ರದಲ್ಲಿ “ಎತ್ತು ಕ್ಷೇಮ, ಹತ್ತಿ ಇಷ್ಟಕ್ಕೆ ಹೋಯಿತು, ಉಪ್ಪು ಹೇರಿದ್ದೇವೆ” ಎಂಬುದಕ್ಕಿಂತ ಹೆಚ್ಚಿನದು ಉಳಿಯದು. ಅಷ್ಟನ್ನು ಹೇಳಲಿಕ್ಕೆ ಮುಂದೆ ಹೋದ ಗಾಡಿಯವನೇ ಸಾಕು, ಅರ್ಧ ಆಣೆ ಯಾಕೆ ಕಳೆಯಬೇಕು? ಮನ್ರೋ ಮತ್ತು ಜೇನ್ ನಡುವೆ ಬರಿಯ ಕಾಗದ ಇತ್ತು. ಇವರ ನಡುವೆ ಊರೇ ಇತ್ತು.

ಬೀಸುಕಲ್ಲಿನ ಪದಗಳಲ್ಲಿ ಆ ಹೆಂಗಸು ತನ್ನ ಪತ್ರ ಬರೆದಳು ಅಂತ ನೀವು ಮರು ಉತ್ತರದಲ್ಲಿ ಬರೆಯಬಹುದು ಎಂಬ ಗುಮಾನಿ ನನಗಿದೆ. ನಾನು ಅಷ್ಟು ಸಲೀಸಾಗಿ ಒಪ್ಪಲಾರೆ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ತೆಗೆದು ನೋಡಿ. ತವರು, ಅಣ್ಣತಮ್ಮ, ತಾಯಿ, ತೊಟ್ಟಿಲ ಕೂಸು, ಇವರಿಗೆ ಸಿಕ್ಕ ಜಾಗ ದೊಡ್ಡದು. ಊರಿಗೆ ಹೋದ ಗಂಡನಿಗಾಗಿ ಹಲುಬುತ್ತ ಕೂತ ನಾಯಕಿ ಕಾವ್ಯದಲ್ಲಿ ಸಿಗುತ್ತಾಳೆ. ಹೊಂಬಳದ ಆ ಮನೆಯಲ್ಲಿ ಜೋಳದ ರಾಶಿ ಇತ್ತು, ಕಣದ ಕೆಲಸ ಇತ್ತು, ಮೇವಿನ ಬಣವಿ ಒಟ್ಟುವುದಿತ್ತು, ಬೇಸಿಗೆಯಲ್ಲಿ ನೀರಿಗೆ ದೂರ ಹೋಗುವುದಿತ್ತು. ಚಿಂತೆ ಇರಲಿಲ್ಲ ಅನ್ನುವುದಿಲ್ಲ. ಆ ಚಿಂತೆಗೆ ಒಂದು ಲೆಕ್ಕ ಇತ್ತು. ಅಮಾವಾಸ್ಯೆಗೆ ಹೋದವರು ಹುಣ್ಣಿವೆಗೆ ಘಟ್ಟ ಇಳಿದಿರಬೇಕು, ಮುಂದಿನ ಅಮಾವಾಸ್ಯೆಗೆ ಹುಬ್ಬಳ್ಳಿ, ಏನೇ ತಡವಾದರೂ ಕಾರಹುಣ್ಣಿವೆಗೆ ಎತ್ತು ಮನೆಯಲ್ಲಿರಬೇಕು. ಕೋಡಿಗೆ ಬಣ್ಣ ಹಚ್ಚಿ ಕರಿ ಹರಿಯುವ ದಿವಸ ಕೊಟ್ಟಿಗೆ ಖಾಲಿ ಇದ್ದರೆ ಊರಿಗೇ ಸುದ್ದಿ. ಬಂದವನನ್ನು ಆಕೆ ಕೇಳುವ ಮೊದಲ ಮಾತೂ “ಎತ್ತು ಹೆಂಗದಾವು?” ಅಂತಲೇ ಇದ್ದೀತು. ಅವನಿಗೆ ಬೇಸರವಾಗಿರಲಿಕ್ಕಿಲ್ಲ, ಅವನ ಹೆಸರು ಹಿಡಿಯದೆ ಅವನನ್ನು ಕೇಳುವ ದಾರಿ ಅದೇ.

ಲೆಕ್ಕ ತಪ್ಪಿದ ವರ್ಷಗಳೂ ಇದ್ದವು. 1858ರ ಮೇ ತಿಂಗಳ ಕೊನೆಯ ವಾರ ನೆನೆಸಿಕೊಳ್ಳಿ. ಮುಂಡರಗಿ ಭೀಮರಾಯರು ಇಂಗ್ಲಿಷರ ವಿರುದ್ಧ ಎದ್ದರು, ಡಂಬಳದ ಖಜಾನೆಗೆ ಕೈ ಬಿತ್ತು, ನರಗುಂದದ ಬಾಬಾಸಾಹೇಬರ ಜನ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಜೂನ್ ಮೊದಲ ದಿನಗಳಲ್ಲೇ ಕೊಪ್ಪಳದ ಕೋಟೆ ಬಿತ್ತು, ಭೀಮರಾಯರು ಅಲ್ಲಿ ಮಡಿದರು. ನರಗುಂದವೂ ಬಿತ್ತು. ಅದೇ ತಿಂಗಳ 12ನೇ ತಾರೀಖು ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು. ಹೊಂಬಳ ಇರುವುದು ಗದಗಿಗೂ ನರಗುಂದಕ್ಕೂ ನಡುವೆ. ಗಾಡಿಗಳು ಉಪ್ಪು ಹೇರಿ ಘಟ್ಟ ಏರುವ ದಿನಗಳು ಅವೇ. ದಾರಿಯ ಮೇಲೆ ದಂಡು, ಊರೊಳಗೆ ಒಂದಕ್ಕೆ ನಾಲ್ಕಾಗಿ ಸುದ್ದಿ. ಆ ಹದಿನೈದು ದಿವಸ ನಮ್ಮ ಊರಿನ ಹೆಂಗಸರು ಏನು ಮಾಡಿದರು ಅಂತ ಬರೆದಿಟ್ಟವರಿಲ್ಲ.

ಮೂರು ವರ್ಷದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಯ ಹತ್ತಿ ನಿಂತು ಮ್ಯಾಂಚೆಸ್ಟರಿನ ಕಣ್ಣು ಧಾರವಾಡದ ಮೇಲೆ ಬಿತ್ತು. ಹತ್ತಿಗೆ ಅಪ್ಪನೂ ಕಾಣದ ದರ. ಕಾರವಾರದಲ್ಲಿ ದೊಡ್ಡ ಬಂದರು ಮಾಡಬೇಕು, ಘಟ್ಟದಲ್ಲಿ ಹೊಸ ರಸ್ತೆ ಕಡಿಯಬೇಕು ಅಂತ ಒತ್ತಡ ಎಷ್ಟಾಯಿತೆಂದರೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಇಲಾಖೆಯಿಂದ ತೆಗೆದು ಮುಂಬೈಗೆ ಸೇರಿಸಿದರು. ಬೆಳೆಯುವ ಜಿಲ್ಲೆ ಮತ್ತು ಹಡಗು ಹತ್ತಿಸುವ ಜಿಲ್ಲೆ ಒಂದೇ ಸರಕಾರದ ಕೈಯಲ್ಲಿ ಇರಲಿ ಎಂಬ ಹಂಚಿಕೆ. ನಮ್ಮವನು ಅದೇ ಕುಮಟೆಗೆ ಅದೇ ಎತ್ತು ಹೊಡೆದುಕೊಂಡು ಹೋದ. ನಾಲ್ಕು ವರ್ಷದಲ್ಲಿ ಯುದ್ಧ ಮುಗಿಯಿತು, ದರ ಕುಸಿಯಿತು. ಮುಂದೆ 1876ರಿಂದ 78ರ ಬರದಲ್ಲಿ ಗಾಡಿಗೆ ಕಟ್ಟುವ ಎತ್ತುಗಳೇ ಸತ್ತವು. ಆ ಬರದ ಬಗ್ಗೆ ಬರೆಯಲು ಕೂತರೆ ಇದು ಬೇರೆ ಪತ್ರವಾಗುತ್ತದೆ.

1884ರ ಹೊತ್ತಿಗೆ ಸದರ್ನ್ ಮರಾಠಾ ರೈಲು ಬಂತು. ಹೊಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ, ಹೊಳೆಆಲೂರು ಹಾದು ಗದಗಿಗೆ ಬರುವ ಹಳಿ ಹೊಂಬಳದ ಮಗ್ಗುಲಲ್ಲೇ ಹಾಯ್ದದ್ದು ನಿಮಗೆ ನಾನು ಹೇಳಬೇಕಿಲ್ಲ, ನೀವು ಅದೇ ಸ್ಟೇಷನ್ನಿನಲ್ಲಿ ಇಳಿದು ತವರಿಗೆ ಬರುವವರು. 1888ರಲ್ಲಿ ಗೋವೆಯ ಮಾರ್ಮಗೋವಾ ಬಂದರಿಗೂ ಹಳಿ ಮುಟ್ಟಿತು. ಘಟ್ಟದ ದಾರಿ ತಣ್ಣಗಾಯಿತು, ಕುಮಟೆಯ ವಖಾರಿಗಳು ಒಂದೊಂದೇ ಮುಚ್ಚಿದವು. ಗದಗ ಹತ್ತಿಯ ಪೇಟೆಯಾಯಿತು. ತಿಂಗಳ ಪ್ರವಾಸ ಒಂದು ದಿನದ್ದಾಯಿತು: ಬೆಳಗಿನ ಜಾವ ಚಕ್ಕಡಿ ಹೂಡಿದರೆ ಸಂಜೆಗೆ ಮನೆ.

ಗಂಡಸರು ಮನೆಯಲ್ಲಿ ಉಳಿದರು ಅಂತ ಮಾತ್ರ ತಿಳಿಯಬೇಡಿ. ಹತ್ತಿಯನ್ನು ಒಯ್ಯಲು ಬಂದ ರೈಲು ಮನುಷ್ಯರನ್ನೂ ಒಯ್ದಿತು. ಸೊಲ್ಲಾಪುರದಲ್ಲಿ 1870ರ ದಶಕದಲ್ಲೇ ಬಟ್ಟೆಯ ಗಿರಣಿ ಎದ್ದಿತ್ತು, ಹೊಟಗಿಯಿಂದ ಅದು ಕೈಯಳತೆ. ಮುಂದೆ ಮುಂಬೈ. ಕಾರಹುಣ್ಣಿವೆಗೆ ಬಂದೇ ಬರಬೇಕು ಅನ್ನುವ ಕಟ್ಟು ಗಿರಣಿಯ ಪಗಾರಕ್ಕೆ ಇಲ್ಲ. ಎತ್ತು ಮನೆಯಲ್ಲೇ ಇದ್ದವಲ್ಲ, ತಿರುಗಿ ಬರಲು ಅವಸರ ಮಾಡುವವರು ಯಾರು? ಲೆಕ್ಕವಿಲ್ಲದ ಕಾಯುವಿಕೆ ಶುರುವಾದದ್ದು ನನ್ನ ತಿಳುವಳಿಕೆಯಲ್ಲಿ ಆಗ. ಅಷ್ಟರೊಳಗೆ, 1879ರಲ್ಲಿ, ಕಾಲಾಣೆಯ ಕಾರ್ಡೂ ಬಂದಿತ್ತು.

ಆದ್ದರಿಂದ ನನ್ನ ಸಲಹೆ: ಕುಮಟೆಯ ದಾರಿಯ ಪತ್ರ ಹುಡುಕುತ್ತ ಕಣ್ಣು ಕೆಡಿಸಿಕೊಳ್ಳಬೇಡಿ. ಆ ದಾರಿಯ ಗುರುತು ಸಿಕ್ಕರೆ ಸಾವಕಾರರ ಖಾತೆ ಪುಸ್ತಕಗಳಲ್ಲಿ ಸಿಕ್ಕೀತು, ಅದೂ ಮೋಡಿ ಅಕ್ಷರದಲ್ಲಿ, ಅಂಡಗಿಯ ತೂಕ ಮತ್ತು ಉಪ್ಪಿನ ಬಾಕಿಯಾಗಿ. ಅದರ ಬದಲು ದಸರೆಗೆ ತವರಿಗೆ ಹೋದಾಗ ಹಳೆಯ ಟ್ರಂಕಿನಲ್ಲಿ ಸೊಲ್ಲಾಪುರ, ಮುಂಬೈಯ ಮುದ್ರೆ ಇರುವ ಕಾರ್ಡುಗಳಿವೆಯೋ ನೋಡಿ. ಮೂಲೆ ಹರಿದದ್ದಿದ್ದರೆ ಮೊದಲೇ ಹೇಳುತ್ತೇನೆ, ಅದು ಸಾವಿನ ಸುದ್ದಿಯದು, ಜಾಗರೂಕತೆಯಿಂದ ಓದಿ. ಸಿಕ್ಕದ್ದನ್ನು ಫೋಟೋ ತೆಗೆದು ಕಳಿಸಿರಿ. ಅಕ್ಷರ ತಿಳಿಯದಿದ್ದರೆ ಕೂಡಿಯೇ ಓದೋಣ, ಮೋಡಿ ಬಲ್ಲ ಹಿರಿಯರೊಬ್ಬರು ಬೆಟಗೇರಿಯಲ್ಲಿ ಇದ್ದಾರೆ.

 

ನಿಮ್ಮ ಊರ ಕಡೆಯ ಗೆಳೆಯ